ಉಕ್ಕಿನ ಅಂಗಿ ತೊಟ್ಟ ಕೇಬಲ್

ಮೂಡಿಗೆರೆ, ಕೊಪ್ಪದ ಕಡೆಯ ಕಾಫಿ ತೋಟಗಳಲ್ಲಿ ಮನೆ ಒಂದು ಕಡೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡು ಇನ್ನೊಂದು ಕಡೆ, ಪಂಪು ಎಲ್ಲೋ ಕೆಳಗೆ ಕೆರೆ ದಂಡೆಯಲ್ಲಿ. ಹೊಸದಾಗಿ ಕಟ್ಟಿಸುವವರು ವೈರ್‌ಮನ್‌ನನ್ನು ಕೇಳುವುದು ಒಂದೇ: ಮೀಟರ್ ಬೋರ್ಡಿನಿಂದ ಅಲ್ಲಿಯವರೆಗೆ ಪಿವಿಸಿ ಪೈಪ್ ಹೂತು ವೈರ್ ಎಳೆದರೆ ಸಾಲದಾ, ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ಲೇ ಆಗಬೇಕಾ?

ಮನೆಯ ಗೋಡೆಯೊಳಗಾದರೆ ಪೈಪೇ ಸರಿ. ಆರ್‌ಸಿಸಿ ಹಾಕುವ ಮೊದಲು ಕಂಬಿಗೆ ಪೈಪ್ ಕಟ್ಟಿಬಿಟ್ಟರೆ, ಎಷ್ಟೋ ವರ್ಷದ ಮೇಲೂ ಹಳೇ ವೈರ್ ಎಳೆದು ಹೊಸದು ತೂರಿಸಬಹುದು. ಮಣ್ಣಿನಡಿ ಹೋದಾಗಲೇ ತೊಂದರೆ. ಜಾಯಿಂಟಿಗೆ ಎಷ್ಟೇ ಸಲ್ಯೂಷನ್ ಬಳಿದರೂ ಪೈಪಿನ ತುದಿಗಳಿಂದ ತೇವದ ಗಾಳಿ ಒಳಗೆ ಬರುತ್ತದೆ, ತಂಪಾದ ಮಣ್ಣಿನಲ್ಲಿ ಅದು ನೀರಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಮನೆ ವೈರಿಂಗಿನ ವೈರು ವರ್ಷಗಟ್ಟಲೆ ನೀರಲ್ಲಿ ನೆನೆಯಲೆಂದು ಮಾಡಿದ್ದಲ್ಲ.

ಆರ್ಮರ್ಡ್ ಕೇಬಲ್ಲಿನ ತುಂಡೊಂದನ್ನು ಹ್ಯಾಕ್ಸಾದಲ್ಲಿ ಕೊಯ್ದು ನೋಡಿ. ನಡುವೆ ತಾಮ್ರ ಇಲ್ಲವೇ ಅಲ್ಯೂಮಿನಿಯಂ. ಕರೆಂಟ್ ಒಯ್ಯುವ ಒಂದೊಂದು ಎಳೆಯ, ಅಂದರೆ ಕೋರಿನ, ಮೇಲೂ ಇನ್ಸುಲೇಷನ್: ಪಿವಿಸಿ ಆದರೆ 70 ಡಿಗ್ರಿ, ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್ ಆದರೆ 90 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಕೋರುಗಳನ್ನು ಕೂಡಿಸಿ ಹಿಡಿಯುವ ಒಳಪದರ, ಅದರ ಸುತ್ತ ಓರೆಯಾಗಿ ಸುತ್ತಿದ ಸತು ಲೇಪದ ಉಕ್ಕಿನ ತಂತಿ ಅಥವಾ ಪಟ್ಟಿ, ಕೊನೆಗೆ ಕಪ್ಪು ಹೊರಪದರ.

ಈ ಉಕ್ಕು ಹೆಗ್ಗಣದ ಹಲ್ಲನ್ನೂ ಕಲ್ಲಿನ ಒತ್ತಡವನ್ನೂ ತಡೆಯುತ್ತದೆ. ಬಲವಾಗಿ ಬಿದ್ದ ಹಾರೆಯನ್ನು ಮಾತ್ರ ತಡೆಯದು. ಅದರ ದೊಡ್ಡ ಉಪಯೋಗ ತಿಳಿಯುವುದು ಆಗಲೇ. ಗಿಡದ ಗುಂಡಿ ತೆಗೆಯುವವರ ಹಾರೆ ಮೊದಲು ಉಕ್ಕನ್ನು ಮುಟ್ಟಿ ಆಮೇಲೆ ಫೇಸ್ ಮುಟ್ಟುತ್ತದೆ. ಉಕ್ಕಿಗೆ ಅರ್ಥಿಂಗ್ ಇದ್ದರೆ ಕರೆಂಟಿನ ಹೆಚ್ಚಿನ ಪಾಲು ಅದರಲ್ಲೇ ಹರಿದು ಬ್ರೇಕರ್ ಬೀಳಬಹುದು. ಬರಿ ಪಿವಿಸಿ ಪೈಪಿನಲ್ಲಿ ಆ ದಾರಿಯೇ ಇಲ್ಲ. ಹಾರೆ ಹಿಡಿದವರೇ ದಾರಿ.

ಬೀಳಬಹುದು ಎಂದೆ, ಯಾಕೆಂದರೆ ತೋಟದಲ್ಲಿ ನಮ್ಮ ಆಸರೆ ಬಹುಪಾಲು ಅರ್ಥ್ ಗುಂಡಿ ಮಾತ್ರ. ಆ ದಾರಿಯ ಒಟ್ಟು ತಡೆ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು 11.5 ಆಂಪಿಯರ್. 32 ಆಂಪಿಯರಿನ ಮಾಮೂಲಿ ಬ್ರೇಕರ್, ಅಂದರೆ ಎಂಸಿಬಿ, ಅದನ್ನು ಮಾಮೂಲಿ ಲೋಡ್ ಅಂದುಕೊಂಡು ಸುಮ್ಮನಿರುತ್ತದೆ! ಹಾಗಾಗಿ ಲೈನಿಗೆ ಸೋರಿಕೆ ಹಿಡಿಯುವ ಬ್ರೇಕರ್, ಅಂದರೆ ಆರ್‌ಸಿಸಿಬಿ, ಇರಲೇಬೇಕು. ಮಿಲಿಆಂಪಿಯರ್ ಲೆಕ್ಕದ ಸೋರಿಕೆಗೇ ಅದು ಬೀಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಉದಾಸೀನ ನಡೆಯುವುದು ತುದಿಯಲ್ಲಿ. ಕೇಬಲ್ಲನ್ನು ಡಬ್ಬಿಗೆ ಬಿಗಿಯುವ ಹಿತ್ತಾಳೆಯ ಗ್ಲ್ಯಾಂಡು ಹಾಕಿ, ಉಕ್ಕಿನ ಎಳೆಗಳನ್ನು ಅದರ ಕೋನಿನ ಮೇಲೆ ಬಿಡಿಸಿ ಕೂರಿಸಿ, ನಟ್ ಬಿಗಿದು ಅರ್ಥ್ ವೈರಿಗೆ ಸೇರಿಸಬೇಕು. ಆಗುವುದೇನು? ಎಳೆಗಳನ್ನು ಕತ್ತರಿಸಿ, ಟೇಪ್ ಸುತ್ತಿ, ಡಬ್ಬಿಯ ತೂತಿನಲ್ಲಿ ಕೇಬಲ್ ತುರುಕಿ ಕೆಲಸ ಮುಗಿಸುತ್ತಾರೆ. ಒಳಗೆ ಇನ್ಸುಲೇಷನ್ ಕೆಟ್ಟ ದಿನ ಆ ಉಕ್ಕು ಇಡೀ ಉದ್ದಕ್ಕೂ ಲೈವ್. ಹಣ ಉಳಿಸಬೇಕಾದ ಜಾಗ ಇದಲ್ಲ.

ಇನ್ನೊಂದು ಎಡವಟ್ಟು: ಫೇಸಿಗೊಂದು, ನ್ಯೂಟ್ರಲಿಗೊಂದು ಅಂತ ಉಕ್ಕಿನ ಕವಚದ ಸಿಂಗಲ್ ಕೋರ್ ಕೇಬಲ್ ಹಾಕುವುದು. ಎರಡೂ ಒಂದೇ ಕವಚದೊಳಗೆ ಒಟ್ಟಿಗಿದ್ದರೆ ಅವುಗಳ ಕಾಂತಕ್ಷೇತ್ರ ಒಂದನ್ನೊಂದು ರದ್ದು ಮಾಡುತ್ತದೆ. ಒಂದೊಂದೇ ಉಕ್ಕಿನೊಳಗೆ ಸಿಕ್ಕಿದರೆ ಎಸಿ ಕರೆಂಟಿನ ಕ್ಷೇತ್ರ ಆ ಉಕ್ಕನ್ನೇ ಬಿಸಿ ಮಾಡುತ್ತದೆ. ಕಬ್ಬಿಣದ ಪೈಪಿನಲ್ಲೂ ಫೇಸು ನ್ಯೂಟ್ರಲ್ ಜೊತೆಯಲ್ಲೇ ಹೋಗಬೇಕೆನ್ನುವುದು ಇದಕ್ಕೇ.

ಹೂಳುವಾಗ 75 ಸೆಂ.ಮೀ. ಆಳ, ಅಡಿಗೂ ಮೇಲೂ ಮರಳು, ಅದರ ಮೇಲೆ ಇಟ್ಟಿಗೆ. ತಿರುವಿನ ತ್ರಿಜ್ಯ ಕೇಬಲ್ ದಪ್ಪದ 12 ಪಟ್ಟಿಗಿಂತ ಕಡಿಮೆ ಬೇಡ. ಮುಚ್ಚುವ ಮೊದಲು ಮೆಗ್ಗರ್ ಎಂಬ ಮೀಟರ್ ಇಟ್ಟು ಇನ್ಸುಲೇಷನ್ ನೋಡಿಸಿ, ಕೇಬಲ್ ಹೋದ ದಾರಿಯ ಅಳತೆ ಬರೆದಿಡಿ. ಅಳೆಯುವುದು ಮನೆಯ ಮೂಲೆಯಿಂದಿರಲಿ, ಸಿಲ್ವರ್ ಓಕ್ ಮರದಿಂದ ಬೇಡ. ಒಳ್ಳೇ ರೇಟ್ ಬಂದರೆ ಮರ ಲಾರಿ ಹತ್ತುತ್ತದೆ.