ನ್ಯೂಕ್ಲಿಯಸ್ ಒಡೆದರೆ ಕೋಶ ಒಡೆಯಲೇಬೇಕಾ?

ಕಾಸರಗೋಡಿನ ನಮ್ಮ ಕಾಲೇಜಿಗೆ ಕನ್ನಡ ಮಾಧ್ಯಮದಿಂದ ಬರುವ ಮಕ್ಕಳಿಗೆ ಕೋಶ ಬೆಳೆದು ಎರಡಾಗುವ ಸುತ್ತಿನ ಹಂತಗಳು – ಜಿ1, ಎಸ್, ಜಿ2, ಎಂ – ಬಾಯಿಪಾಠ ಇರುತ್ತವೆ. ಆದರೆ ಡಿಎನ್‌ಎ ಇರುವ ನ್ಯೂಕ್ಲಿಯಸ್ (ಕೋಶಕೇಂದ್ರ) ಎರಡಾಗುವುದು ಬೇರೆ, ಕೋಶ ಎರಡಾಗುವುದು ಬೇರೆ ಎಂಬುದು ಹೆಚ್ಚಿನವರಿಗೆ ಹೊಳೆದಿರುವುದಿಲ್ಲ. ಅದಕ್ಕೇ ನಾನು ಯೀಸ್ಟ್‌ನಿಂದ ಶುರು ಮಾಡುತ್ತೇನೆ.

ಅಂಗಡಿಯ ಯೀಸ್ಟ್ ಪೊಟ್ಟಣ ಸಾಕು. ಸಕ್ಕರೆ ನೀರಲ್ಲಿ ಕೆಲವು ಗಂಟೆ ಬಿಟ್ಟು, ಒಂದು ಹನಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಈ ಯೀಸ್ಟ್ ಕೋಶದ ಮೈಯಿಂದ ಮೊಗ್ಗಿನಂತೆ ಒಂದು ಉಬ್ಬು ಹೊರಟು, ಬೆಳೆದು ಹೊಸ ಕೋಶವಾಗುತ್ತದೆ. ಕೆಲವು ಕೋಶಕ್ಕೆ ಮೊಗ್ಗೇ ಇಲ್ಲ, ಕೆಲವಕ್ಕೆ ಚಿಕ್ಕದು, ಕೆಲವಕ್ಕೆ ದೊಡ್ಡದು. ಮೊಗ್ಗಿನ ಗಾತ್ರ ನೋಡಿದರೆ ಕೋಶ ಯಾವ ಹಂತದಲ್ಲಿದೆ ಅಂತ ಗೊತ್ತಾಗುತ್ತದೆ.

1970ರ ಸುಮಾರಿಗೆ ಅಮೆರಿಕದ ವಿಜ್ಞಾನಿ ಲೀ ಹಾರ್ಟ್‌ವೆಲ್ ಬಳಸಿಕೊಂಡದ್ದು ಇದನ್ನೇ. ಅವರ ಮ್ಯುಟೆಂಟ್‌ಗಳು, ಅಂದರೆ ಒಂದು ಜೀನ್ ಕೆಟ್ಟ ಯೀಸ್ಟ್‌ಗಳು, 23 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತವೆ, 36ಕ್ಕೆ ಒಯ್ದರೆ ನಿಲ್ಲುತ್ತವೆ. ಎಲ್ಲ ಕೋಶಗಳೂ ಒಂದೇ ರೂಪದಲ್ಲಿ ನಿಂತರೆ, ಕೆಟ್ಟಿರುವ ಜೀನ್‌ಗೆ ಆ ಹಂತದಲ್ಲಿ ಕೆಲಸ ಇದೆ ಎಂದರ್ಥ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಕೋಣೆಯೇ 36ರ ಹತ್ತಿರ ಹೋಗುತ್ತದೆ. ಇಂಥ ಯೀಸ್ಟ್ ಸಾಕಲು ಬಿಸಿ ಮಾಡುವ ಇನ್‌ಕ್ಯುಬೇಟರ್ ಸಾಲದು, ತಂಪು ಮಾಡುವುದೂ ಬೇಕು.

ನನಗೆ ತುಂಬ ಇಷ್ಟವಾಗುವುದು ಈ ಮ್ಯುಟೆಂಟ್‌ಗಳ ನಡುವಿನ ವ್ಯತ್ಯಾಸ. ಸಿಡಿಸಿ28 ಎಂಬ ಜೀನ್ ಕೆಟ್ಟರೆ ಮೊಗ್ಗೂ ಇಲ್ಲ, ಡಿಎನ್‌ಎ ನಕಲೂ ಇಲ್ಲ. ಹೊಸ ಸುತ್ತು ಶುರುವೇ ಆಗುವುದಿಲ್ಲ. ಸಿಡಿಸಿ4 ಕೆಟ್ಟರೆ ಡಿಎನ್‌ಎ ನಕಲಾಗದು, ಮೊಗ್ಗು ಮಾತ್ರ ಮತ್ತೆ ಮತ್ತೆ ಬರುತ್ತದೆ. ಸಿಡಿಸಿ24 ಇದಕ್ಕೆ ತದ್ವಿರುದ್ಧ: ಮೊಗ್ಗಿಲ್ಲ, ಆದರೂ ಡಿಎನ್‌ಎ ನಕಲಾಗುತ್ತದೆ, ನ್ಯೂಕ್ಲಿಯಸ್ ಒಡೆಯುತ್ತದೆ. ಸಿಡಿಸಿ10 ಕೆಟ್ಟರೆ ನ್ಯೂಕ್ಲಿಯಸ್‌ಗಳು ಹೆಚ್ಚುತ್ತವೆ, ಕೋಶ ಮಾತ್ರ ಬೇರೆಯಾಗುವುದಿಲ್ಲ. ಮೊಗ್ಗಿನ ಕುತ್ತಿಗೆಯಲ್ಲಿ ಇರಬೇಕಾದ ಸೆಪ್ಟಿನ್ ಪ್ರೋಟೀನಿನ ಉಂಗುರ ಅಲ್ಲಿ ನಿಲ್ಲುವುದಿಲ್ಲ.

ಅಂದರೆ ಒಂದೇ ಆರಂಭದಿಂದ ಎರಡು ದಾರಿ ಹೊರಡುತ್ತವೆ, ಅಲ್ವಾ? ಒಂದು ಡಿಎನ್‌ಎ ಮತ್ತು ನ್ಯೂಕ್ಲಿಯಸ್‌ನದು, ಇನ್ನೊಂದು ಮೊಗ್ಗಿನದು. ಕೋಶ ಬೇರೆಯಾಗಲು ಎರಡೂ ಮುಗಿದಿರಬೇಕು. ಸುಮ್ನೆ ಜಿ1, ಎಸ್, ಜಿ2, ಎಂ ಅಂತ ಒಂದು ವೃತ್ತ ಬಿಡಿಸಿದರೆ ಇದು ಕಾಣುವುದಿಲ್ಲ.

ಬ್ರಿಟನ್ನಿನ ಪಾಲ್ ನರ್ಸ್ ಬೇರೊಂದು ಜಾತಿಯ ಯೀಸ್ಟ್‌ನಲ್ಲಿ ಸಿಡಿಸಿ2 ಜೀನ್ ಹಿಡಿದು ಕೆಲಸ ಮಾಡಿದರು. ಆ ಯೀಸ್ಟ್‌ನಲ್ಲಿ ಸಿಡಿಸಿ28ರ ಕೆಲಸ ಮಾಡುವ ಜೀನ್ ಅದು. 1987ರಲ್ಲಿ ಅವರೂ ಮೆಲನಿ ಲೀ ಅವರೂ ಸಿಡಿಸಿ2 ಕೆಟ್ಟ ಯೀಸ್ಟ್‌ಗೆ ಮನುಷ್ಯರ ಜೀನ್‌ಗಳನ್ನು ಹಾಕಿ ನೋಡಿದರು. ಅವುಗಳಲ್ಲಿ ಒಂದು ಜೀನ್ ಸಿಕ್ಕ ಯೀಸ್ಟ್ ಮತ್ತೆ ಒಡೆಯತೊಡಗಿತು.