ಅಮೆರಿಕದಲ್ಲಿ ಬಿ ಫಾರಂ ಕೊಡೋದು ಯಾರು?

ಡಿಗ್ರಿ ಮಕ್ಕಳಿಗೆ ಅಮೆರಿಕದ ರಾಜಕೀಯ ಪಾಠ ಮಾಡುವಾಗ ಹೆಚ್ಚುಕಡಿಮೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ: ‘ಸಾರ್, ಅಲ್ಲಿ ಬಿ ಫಾರಂ ಕೊಡೋದು ಯಾರು?’ ಒಳ್ಳೇ ಪ್ರಶ್ನೆ. ಅಭ್ಯರ್ಥಿಯ ಜುಟ್ಟು ಪಕ್ಷದ ಕೈಗೆ ಸಿಗುವುದೇ ಆ ಒಂದು ಹಾಳೆಯಿಂದ, ಅಲ್ವಾ? ಅಮೆರಿಕದ ಪಕ್ಷಗಳು ಆ ಹಾಳೆಯನ್ನು ಕಳೆದುಕೊಂಡು ಬಹಳ ಕಾಲವಾಯಿತು.

ಹಿಂದೆ ಅವುಗಳ ಕೈ ಜೋರಾಗಿತ್ತು. 1880ರ ದಶಕದವರೆಗೂ ಮತಪತ್ರವನ್ನು ಪಕ್ಷಗಳೇ ಅಚ್ಚು ಹಾಕಿಸುತ್ತಿದ್ದವು. ತಮ್ಮವರ ಹೆಸರು ಮಾತ್ರ ಇರುವ ಚೀಟಿ, ಕೆಲವು ಕಡೆ ಬಣ್ಣದ ಕಾಗದ. ಪೆಟ್ಟಿಗೆಗೆ ಯಾರು ಏನು ಹಾಕಿದರು ಅಂತ ದೂರದಿಂದಲೇ ಕಾಣುತ್ತಿತ್ತು. ಆ ಚೀಟಿಗೆ ಟಿಕೆಟ್ ಅಂತಲೇ ಹೆಸರು. ಅಧ್ಯಕ್ಷೀಯ ಅಭ್ಯರ್ಥಿಯನ್ನು ಸಮಾವೇಶದಲ್ಲಿ ಮುಖಂಡರು ಚೌಕಾಸಿ ಮಾಡಿ ಆರಿಸುತ್ತಿದ್ದರು. 1924ರಲ್ಲಿ ನ್ಯೂಯಾರ್ಕಿನಲ್ಲಿ ಡೆಮಾಕ್ರಟರು 103 ಸುತ್ತು ಮತ ಹಾಕಿ, ಸುಸ್ತಾಗಿ, ಜಾನ್ ಡೇವಿಸ್ ಅವರನ್ನು ಒಪ್ಪಿಕೊಂಡರು. ಅವರು ಸೋತರು ಬಿಡಿ.

1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೂ ಪ್ರೈಮರಿಯಲ್ಲಿ, ಅಂದರೆ ಅಭ್ಯರ್ಥಿಯನ್ನು ಜನರೇ ಆರಿಸುವ ಚುನಾವಣೆಯಲ್ಲಿ, ಸ್ಪರ್ಧಿಸದೆ ಡೆಮಾಕ್ರಟರ ಅಧ್ಯಕ್ಷೀಯ ಅಭ್ಯರ್ಥಿಯಾದರು. ವಿಯೆಟ್ನಾಂ ಯುದ್ಧದ ಸಿಟ್ಟು ಬೇರೆ ಇತ್ತು. ಸಮಾವೇಶ ನಡೆದ ಷಿಕಾಗೋದ ಬೀದಿಗಳಲ್ಲಿ ಪೊಲೀಸರು ಪ್ರತಿಭಟನಕಾರರ ಮೇಲೆ ಲಾಠಿ ಬೀಸಿದರು. ಆಮೇಲೆ ನಿಯಮ ಬದಲಾಗಿ, 1972ರಿಂದ ಪ್ರೈಮರಿ ಮತದಾರರ ಮಾತೇ ನಡೆಯತೊಡಗಿತು.

ಪ್ರೈಮರಿ ಅಂದರೆ ಚುನಾವಣೆಗೆ ಮುಂಚಿನ ಚುನಾವಣೆ. ಪಕ್ಷದಿಂದ ಯಾರು ನಿಲ್ಲಬೇಕು ಅಂತ ಜನರೇ ಮತಗಟ್ಟೆಗೆ ಹೋಗಿ ತೀರ್ಮಾನಿಸುತ್ತಾರೆ. ನಾನು ಪಾಠದಲ್ಲಿ ಯಾವಾಗಲೂ ಹೇಳುವುದು ವರ್ಜೀನಿಯಾದ ಕಥೆ. ಅಲ್ಲಿ ಎರಿಕ್ ಕ್ಯಾಂಟರ್ ಅಂತ ಒಬ್ಬರಿದ್ದರು. ಪ್ರತಿನಿಧಿ ಸಭೆಯಲ್ಲಿ (ನಮ್ಮ ಲೋಕಸಭೆಯಂಥದ್ದು) ರಿಪಬ್ಲಿಕನ್ನರ ಎರಡನೇ ದೊಡ್ಡ ನಾಯಕ, ಇನ್ನೇನು ಸ್ಪೀಕರ್ ಆಗುತ್ತಾರೆ ಅಂತ ಮಾತಿತ್ತು. 2014ರ ಜೂನ್‌ನಲ್ಲಿ ಅವರ ವಿರುದ್ಧ ಪ್ರೈಮರಿಗೆ ನಿಂತವರು ಡೇವ್ ಬ್ರ್ಯಾಟ್, ಒಂದು ಸಣ್ಣ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು. ಕ್ಯಾಂಟರ್ ಖರ್ಚು 50 ಲಕ್ಷ ಡಾಲರ್ ದಾಟಿತ್ತು, ಮೇಷ್ಟ್ರದ್ದು ಸುಮಾರು 2 ಲಕ್ಷ. ಏಳು ಲಕ್ಷಕ್ಕೂ ಜಾಸ್ತಿ ಜನರಿರುವ ಕ್ಷೇತ್ರದಲ್ಲಿ ಮತ ಹಾಕಿದ್ದು ಸುಮಾರು 65 ಸಾವಿರ ಮಂದಿ. ಮೇಷ್ಟ್ರು ಗೆದ್ದರು. ನವೆಂಬರಿನಲ್ಲಿ ಎದುರು ನಿಂತ ಡೆಮಾಕ್ರಟ್ ಕೂಡ ಅದೇ ಕಾಲೇಜಿನ ಮೇಷ್ಟ್ರು! ಇದನ್ನು ಹೇಳುವಾಗ ನನಗೆ ಸ್ವಲ್ಪ ಖುಷಿ ಜಾಸ್ತಿ, ಒಪ್ಪಿಕೊಳ್ಳುತ್ತೇನೆ.

ಹಾಗಾದರೆ ಪಕ್ಷ ಸುಮ್ನೆ ಹೆಸರಿಗಾ? ಆ ಹೆಸರಿಗೇ ಈಗ ಬೆಲೆ ಜಾಸ್ತಿ. 2016ರಲ್ಲಿ ಅಲ್ಲಿನ ಮೇಲ್ಮನೆಯಾದ ಸೆನೆಟ್‌ಗೆ ಚುನಾವಣೆ ನಡೆದ ಪ್ರತಿ ರಾಜ್ಯದಲ್ಲೂ ಅಧ್ಯಕ್ಷ ಸ್ಥಾನಕ್ಕೆ ಯಾವ ಪಕ್ಷ ಗೆದ್ದಿತೋ ಸೆನೆಟ್‌ಗೂ ಅದೇ ಗೆದ್ದಿತು. ಜನ ಪಕ್ಷ ನೋಡಿ ಒತ್ತುತ್ತಾರೆ, ಆದರೆ ಆ ಪಕ್ಷದ ಹೆಸರು ಹೊತ್ತು ಯಾರು ನಿಲ್ಲಬೇಕು ಅನ್ನುವುದು ಕಚೇರಿಯ ಕೈಯಲ್ಲಿಲ್ಲ. ಪಕ್ಷದ ಹಿರಿಯರು ಅಷ್ಟೊಂದು ಮಂದಿ ಬೇಡವೆಂದರೂ ಟ್ರಂಪ್ ಅದೇ ವರ್ಷ ಅಭ್ಯರ್ಥಿಯಾದದ್ದು ಹೀಗೇ.

ಗೆದ್ದ ಮೇಲೂ ಅದೇ ಪಾಡು. 2023ರ ಜನವರಿಯಲ್ಲಿ ರಿಪಬ್ಲಿಕನ್ ನಾಯಕ ಕೆವಿನ್ ಮೆಕಾರ್ಥಿ 15ನೇ ಸುತ್ತಿನ ಮತದಾನದಲ್ಲಿ ಪ್ರತಿನಿಧಿ ಸಭೆಯ ಸ್ಪೀಕರ್ ಆದರು. ಅಕ್ಟೋಬರಿನಲ್ಲಿ ಅವರದೇ ಪಕ್ಷದ 8 ಮಂದಿ ಡೆಮಾಕ್ರಟರ ಜೊತೆ ಮತ ಹಾಕಿ ಕೆಳಗಿಳಿಸಿದರು. ‘ವಿಪ್ ಇರಲಿಲ್ವಾ ಸಾರ್?’ ಇತ್ತಪ್ಪ. ಆದರೆ ಮೀರಿದರೆ ಸೀಟು ಹೋಗುವುದಿಲ್ಲ. ನಮ್ಮ 1985ರ ಪಕ್ಷಾಂತರ ನಿಷೇಧದಂಥ ಕಾನೂನು ಅಲ್ಲಿಲ್ಲ. ಆ ಎಂಟರಲ್ಲಿ ಒಬ್ಬರಾದ ವರ್ಜೀನಿಯಾದ ಬಾಬ್ ಗುಡ್ ಮುಂದಿನ ವರ್ಷ ಮನೆಗೆ ಹೋದರು. ಅವರನ್ನು ಕಳಿಸಿದ್ದೂ ಪ್ರೈಮರಿಯೇ, ಕೆಲವೇ ನೂರು ಮತಗಳ ಅಂತರದಲ್ಲಿ.