‘ಯಾರೂ ಮಾಡಿಲ್ಲ’ ಎಂದರೆ ಸಾಲದು

ಶಿರಸಿ ಕಡೆಯ ಪೇಟೆಂಟ್ ಕಡತಗಳಲ್ಲಿ ಒಂದು ಮಾತು ತಪ್ಪುವುದೇ ಇಲ್ಲ: ‘ಇದನ್ನು ಈವರೆಗೆ ಯಾರೂ ಮಾಡಿಲ್ಲ.’ ಇರಬಹುದು. ಆದರೆ ಅರ್ಜಿ ಬೀಳುವುದು ಮುಂದಿನ ಪ್ರಶ್ನೆಯಲ್ಲಿ: ವಿಷಯ ಬಲ್ಲವನಿಗೆ ಇದು ತಾನಾಗಿ ಹೊಳೆಯುತ್ತಿತ್ತೇ? ಆ ಬಲ್ಲವ ಮದ್ದು ಹೊಡೆಯುವ ಕೊನೆಗೌಡನಲ್ಲ, ಮಹಾವಿಜ್ಞಾನಿಯೂ ಅಲ್ಲ; ಅರ್ಜಿಯ ದಿನಾಂಕದವರೆಗಿನ ತಿಳಿವಳಿಕೆಯುಳ್ಳ ಸಾಧಾರಣ ರಸಾಯನತಜ್ಞ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ ನೋಡಿ: 100 ಲೀಟರ್ ನೀರಿಗೆ ತಲಾ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ. ಮಳೆಗೆ ತೊಳೆಯದಿರಲು ರಾಳದ ಅಂಟು ಹಾಕುವುದು ಹಳೆಯ ಕ್ರಮ. ನೀವು ಅದರ ಬದಲು ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪಾಲಿಮರ್ ಅಂಟು ಹಾಕಿದಿರಿ ಎನ್ನಿ. ತಯಾರಿಕೆಯಲ್ಲಿ ಎಷ್ಟು ಹೈಡ್ರೋಲಿಸಿಸ್ (ನೀರಿನಿಂದ ವಿಭಜನೆ) ಆಗಿದೆ ಎಂಬುದರ ಮೇಲೆ ಅದರ ದರ್ಜೆ. ಶೇ 88ರಷ್ಟು ಆದದ್ದು ಸುಲಭವಾಗಿ ಕರಗುತ್ತದೆ. 98ರದ್ದಕ್ಕೆ ಬಿಸಿನೀರೇ ಬೇಕು, ಒಣಗಿದ ಪದರ ತಣ್ಣೀರಿಗೆ ಬೇಗ ಬಿಡುವುದಿಲ್ಲ. ಇದು ಪಠ್ಯಪುಸ್ತಕದ ವಿಷಯ. ಹಾಗಾಗಿ ‘98ರ ದರ್ಜೆ ಮಳೆಗೆ ಹೆಚ್ಚು ತಾಳಿತು’ ಎಂಬ ಫಲಿತಾಂಶ ನಿಮ್ಮ ವಿರುದ್ಧವೇ ಸಾಕ್ಷಿಯಾದೀತು.

ಹೆಚ್ಚಿನವರು ಜಾರುವುದು ಹೋಲಿಕೆಯಲ್ಲಿ. ಅಂಟೇ ಇಲ್ಲದ ಬೋರ್ಡೋ ಪಕ್ಕ ತಮ್ಮದನ್ನಿಟ್ಟು, ಹೆಚ್ಚು ತಾಮ್ರ ಉಳಿಯಿತು ಎನ್ನುತ್ತಾರೆ. ಅಂಟು ಅಂಟಿಕೊಂಡಿತು, ಅದರಲ್ಲೇನು ವಿಶೇಷ? ಈಗಾಗಲೇ ಪ್ರಕಟವಾದ ದಾಖಲೆಗಳಲ್ಲಿ ನಿಮ್ಮದಕ್ಕೆ ಅತಿ ಸಮೀಪದ್ದು ಯಾವುದೋ ಅದರೊಂದಿಗೆ ಹೋಲಿಸಿ. ತಾಮ್ರ, ಸುಣ್ಣ, ಅಂಟಿನ ತೂಕ, ಕಾಯಿಗೆ ಬಿದ್ದ ದ್ರಾವಣ, ಒಣಗಿದ ಹೊತ್ತು, ಸುರಿದ ನೀರು ಎಲ್ಲ ಒಂದೇ ಇರಲಿ. ಅಂಟು ಮಾತ್ರ ಬದಲಾಗಲಿ. ದರ್ಜೆಯ ಜೊತೆ ಅಣುತೂಕವೂ ಬದಲಾದರೆ ಲಾಭ ಯಾವುದರಿಂದ ಬಂತೆಂದು ಹೇಳಲಾಗದು. ಹಕ್ಕು ಕೇಳುವುದು ಶೇ 0.1ರಿಂದ 5ರವರೆಗಿನ ಅಂಟಿಗೆ, ಪ್ರಯೋಗ ಮಾತ್ರ 0.5ರಲ್ಲಿ! ಎರಡೂ ತುದಿಗಳ, ಅವುಗಳ ಆಚೆಯ ಅಂಕಿ ಬೇಕು. ಅಂಟು ಮತ್ತು ತಾಮ್ರ ತಂತಮ್ಮ ಕೆಲಸವನ್ನಷ್ಟೇ ಮಾಡಿದವು ಎಂದಾದರೆ ‘ಬರೀ ಬೆರಕೆ’ಗೆ ಪೇಟೆಂಟ್ ಇಲ್ಲ ಎನ್ನುವ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಇ) ಕೂಡ ಅಡ್ಡ ಬರುತ್ತದೆ.

ಮೇಲ್ಮನವಿಯಲ್ಲಿ ನೋಡಿಕೊಳ್ಳೋಣ ಎನ್ನಬೇಡಿ. ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಯಿತು. ನಮ್ಮ ಅರ್ಜಿಗಳನ್ನು ನೋಡುವ ಚೆನ್ನೈ ಪೇಟೆಂಟ್ ಕಚೇರಿ ತಿರಸ್ಕರಿಸಿದರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಮದ್ರಾಸ್ ಹೈಕೋರ್ಟಿಗೆ ಹೋಗಬೇಕು. ರಾಳದ ದಾಖಲೆಗೆ ಪಾಲಿಮರ್ ದಾಖಲೆ ಜೋಡಿಸಲು ಆ ಬಲ್ಲವನಿಗೆ ಕಾರಣವೇನಿತ್ತು ಎಂದು ಆದೇಶ ಹೇಳದಿದ್ದರೆ ವಾದಕ್ಕೆ ಬಲವಿದೆ, ಪ್ರಕರಣ ಮರುಪರಿಶೀಲನೆಗೆ ಹೋಗಲೂಬಹುದು. ಆದರೆ ಮರಳಿ ಬಿಚ್ಚುವುದು ಅದೇ ಕಡತ. ತಿದ್ದುಪಡಿಯ ನೆಪದಲ್ಲಿ ಹೊಸ ವಿಷಯ ತುರುಕಲು ಸೆಕ್ಷನ್ 59 ಬಿಡದು. ಆಮೇಲಿನ ಪ್ರಯೋಗ ಅರ್ಜಿಯಲ್ಲಿ ಮೊದಲೇ ಹೇಳಿದ ಪರಿಣಾಮಕ್ಕೆ ಬೆಂಬಲವಾದೀತು, ಅದನ್ನೇ ನೆಚ್ಚಬೇಡಿ. ಮೊದಲು ತಾತ್ಕಾಲಿಕ ಅರ್ಜಿ ಹಾಕಿ. ಪೂರ್ಣ ವಿವರಣೆಗೆ 12 ತಿಂಗಳಿರುತ್ತದೆ, ಅದರೊಳಗೆ ಒಂದು ಮಳೆಗಾಲ ಸಿಗುತ್ತದೆ.